ಬ್ಲ್ಯಾಕ್‌ಜಾಕ್‌ನ ಮೂಲ ತಂತ್ರ: ಅಪರೂಪಕ್ಕೆ ಆಡುವವರು ಎಷ್ಟು ಕಲಿತರೆ ಸಾಕು?

ಪ್ರಶ್ನೆ: ನಮಸ್ಕಾರ ಮೇಡಂ. ಪ್ರವಾಸದಲ್ಲಿದ್ದಾಗ ಮಾತ್ರ ಕ್ಯಾಸಿನೊಗೆ ಹೋಗುವವನು ನಾನು. ಯಾವ ಕೈಗೆ ಏನು ಮಾಡಬೇಕೆಂದು ಹೇಳುವ ಮೂಲ ತಂತ್ರದ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಚೌಕಗಳಿವೆ. ಅಷ್ಟನ್ನೂ ಬಾಯಿಪಾಠ ಮಾಡಬೇಕೆ? ಕೈಯಲ್ಲಿ 16 ಇದ್ದಾಗ ಇನ್ನೊಂದು ಎಲೆ ಕೇಳುವ ಧೈರ್ಯವೇ ಬರುವುದಿಲ್ಲ.

ಉತ್ತರ (ಮಾಜಿ ಡೀಲರ್): ಬಾಯಿಪಾಠ ಬೇಕಿಲ್ಲ, ಕಾರಣ ತಿಳಿದರೆ ಮುಕ್ಕಾಲು ಪಟ್ಟಿ ತಾನಾಗಿಯೇ ಹೊಳೆಯುತ್ತದೆ. ಇದು ಅನುಭವಿಗಳ ಊಹೆಯಲ್ಲ. 1956ರಲ್ಲಿ ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್ ಮತ್ತು ಮ್ಯಾಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿಡುವ ಲೆಕ್ಕಯಂತ್ರಗಳಿಂದ ಲೆಕ್ಕ ಹಾಕಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ್ದು.

21 ಮೀರದೆ ಡೀಲರ್‌ಗಿಂತ (ಕ್ಯಾಸಿನೊ ಪರವಾಗಿ ಆಡುವವರಿಗಿಂತ) ಹೆಚ್ಚು ಅಂಕ ಗಳಿಸುವುದೇ ಆಟ; ಮೀರಿದರೆ ಸೋಲು. ಡೀಲರ್‌ಗೆ ಆಯ್ಕೆಯಿಲ್ಲ, 17 ಮುಟ್ಟುವವರೆಗೆ ಎಲೆ ಎಳೆಯಲೇಬೇಕು. ಆದ್ದರಿಂದ ಅವರ ತೆರೆದ ಎಲೆ 2ರಿಂದ 6ರೊಳಗಿದ್ದರೆ ಅವರೇ 21 ಮೀರುವ ಸಂಭವ ಹೆಚ್ಚು (6 ಇದ್ದಾಗ ನೂರಕ್ಕೆ ಸುಮಾರು 42 ಸಲ), ನೀವು 13ರಿಂದ 16ರವರೆಗಿನ ಕೈಯಲ್ಲಿ ಸುಮ್ಮನೆ ನಿಲ್ಲಬೇಕು; 7 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಎಲೆ ಕೇಳಬೇಕು. 12ರ ಕೈಯನ್ನು 21 ಮೀರಿಸಿ ಕೆಡಿಸುವುದು ಹತ್ತರ ಬೆಲೆಯ ಎಲೆ (10, ಗುಲಾಮ, ರಾಣಿ, ರಾಜ) ಮಾತ್ರ, ಅಂದರೆ 13 ಬಗೆಗಳಲ್ಲಿ 4; ಹಾಗಾಗಿ ಅದರಲ್ಲಿ 4, 5, 6ರ ಎದುರು ಮಾತ್ರ ನಿಲ್ಲಿ.

ಈಗ ನಿಮ್ಮ 16. ಡೀಲರ್ ಬಳಿ 10 ಇದ್ದಾಗ ಎಲೆ ಕೇಳಿದರೂ, ನಿಂತರೂ ಸರಾಸರಿಯಲ್ಲಿ ಪಣದ ಅರ್ಧಕ್ಕಿಂತ ತುಸು ಹೆಚ್ಚೇ ಹೋಗುತ್ತದೆ. ಕೇಳಿದರೆ ಕೂದಲೆಳೆಯಷ್ಟು ಕಡಿಮೆ. ಸರೆಂಡರ್ ಅವಕಾಶವಿದ್ದರೆ ಅರ್ಧ ಪಣ ಬಿಟ್ಟುಕೊಡುವುದೇ ಲೇಸು. 13 ಬಗೆಯ ಎಲೆಗಳಲ್ಲಿ 8 ನಿಮ್ಮನ್ನು ಕೆಡಿಸುತ್ತವೆ, ಕೇಳಿ ಕೆಟ್ಟಾಗ ತಪ್ಪು ನಿಮ್ಮದೇ ಎನಿಸುತ್ತದೆ. ನಿಂತು ಸೋತರೆ ದುರದೃಷ್ಟ ಎನಿಸುತ್ತದೆ. ಪಟ್ಟಿಗೆ ಈ ಎರಡು ಸೋಲುಗಳ ನಡುವೆ ವ್ಯತ್ಯಾಸವಿಲ್ಲ. ಆ 16 ಎರಡು ಎಂಟುಗಳಿಂದ ಆಗಿದ್ದರೆ ಮಾತ್ರ ಸ್ಪ್ಲಿಟ್ ಮಾಡಿ, ಅಂದರೆ ಜೋಡಿಯನ್ನು ಎರಡು ಕೈಗಳಾಗಿ ಒಡೆಯಿರಿ.

ಉಳಿದದ್ದು ಚಿಕ್ಕದು. ಎಕ್ಕದ ಜೋಡಿಯನ್ನು ಒಡೆಯಿರಿ, ಹತ್ತರ ಮತ್ತು ಐದರ ಜೋಡಿಯನ್ನು ಎಂದೂ ಒಡೆಯಬೇಡಿ. 11ರಲ್ಲಿ 2ರಿಂದ 10ರ ಎದುರು, 10ರಲ್ಲಿ 2ರಿಂದ 9ರ ಎದುರು ಡಬಲ್ ಮಾಡಿ (ಪಣ ಇಮ್ಮಡಿಸಿ ಇನ್ನೊಂದೇ ಎಲೆ ಪಡೆಯಿರಿ). ಡೀಲರ್ ತಮ್ಮ ಎರಡನೆಯ ಎಲೆಯನ್ನು ಕೊನೆಗೆ ಎಳೆಯುವ ಮೇಜುಗಳಲ್ಲಿ 10 ಅಥವಾ ಎಕ್ಕದ ಎದುರು ಪಣ ಹೆಚ್ಚಿಸದಿರುವುದು ಒಳ್ಳೆಯದು. ಇನ್ಶೂರೆನ್ಸ್ (ಡೀಲರ್ ಎಕ್ಕ ತೋರಿಸಿದಾಗ ಅವರ ಇನ್ನೊಂದು ಎಲೆ ಹತ್ತರ ಬೆಲೆಯದೆಂದು ಕಟ್ಟುವ ಪ್ರತ್ಯೇಕ ಪಣ) ಬೇಡವೇ ಬೇಡ: 13ರಲ್ಲಿ 4 ಸಲ ಗೆದ್ದು ಎರಡರಂತೆ 8 ಪಡೆಯುತ್ತೀರಿ, 9 ಸಲ ಸೋತು 9 ಕೊಡುತ್ತೀರಿ.

ಮತ್ತೊಬ್ಬ ಸದಸ್ಯೆ: ಕೊನೆಯ ಕುರ್ಚಿಯಲ್ಲಿ ಕುಳಿತವರು ತಪ್ಪಾಗಿ ಎಲೆ ಕೇಳಿದರೆ ಇಡೀ ಮೇಜು ಸೋಲುತ್ತದೆ ಎಂದು ನನ್ನನ್ನು ಗದರಿದ್ದರು. ಇದು ನಿಜವೆ?

ಉತ್ತರ: ನಿಜವಲ್ಲ. ಮುಂದಿನ ಎಲೆ ಯಾವುದೆಂದು ಯಾರಿಗೂ ಗೊತ್ತಿಲ್ಲದಿರುವಾಗ, ನೀವು ತೆಗೆದುಕೊಂಡ ಎಲೆ ಡೀಲರ್‌ರನ್ನು ಉಳಿಸುವಷ್ಟೇ ಸಲ ಕೆಡಿಸಲೂ ಬಹುದು. ಉಳಿಸಿದ್ದನ್ನು ಮಾತ್ರ ಜನ ನೆನಪಿಡುತ್ತಾರೆ. ಗದರುವವರ ಪಕ್ಕ ಕುಳಿತುಕೊಳ್ಳಬೇಡಿ ಎಂಬುದಷ್ಟೇ ನನ್ನ ಸಲಹೆ.

ಮೂಲ ಪ್ರಶ್ನೆ ಕೇಳಿದವರು: ಇಷ್ಟನ್ನು ಪಾಲಿಸಿದರೆ ಗೆಲ್ಲಬಹುದೆ ಮೇಡಂ? ಪಟ್ಟಿಯನ್ನು ಮೇಜಿಗೆ ಒಯ್ಯಬಹುದೆ?

ಉತ್ತರ: ಮುದ್ರಿತ ಪಟ್ಟಿಗೆ ಬಹುತೇಕ ಕ್ಯಾಸಿನೊಗಳ ಆಕ್ಷೇಪವಿಲ್ಲ, ಫೋನ್ ಮಾತ್ರ ಹೊರಗೆ ತೆಗೆಯಬೇಡಿ. ಗೆಲುವಿನ ಮಾತು ಬೇರೆ: ಒಳ್ಳೆಯ ನಿಯಮಗಳ ಮೇಜಿನಲ್ಲಿಯೂ ಕ್ಯಾಸಿನೊಗೆ ಪಣದ ಸುಮಾರು 0.5 ಪ್ರತಿಶತ ಲಾಭ ಉಳಿದೇ ಇರುತ್ತದೆ. ಒಂದು ಕೈಗೆ 10ರ ಪಣದಂತೆ ಗಂಟೆಗೆ 70 ಕೈ ಆಡಿದರೆ ಸರಾಸರಿ ನಷ್ಟ 3.5. ಆದರೆ ಕುಳಿತುಕೊಳ್ಳುವ ಮುನ್ನ ಮೇಜಿನ ಬಟ್ಟೆಯ ಮೇಲೆ ಬರೆದಿರುವುದನ್ನು ಓದಿ. ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೆಗಳಲ್ಲಿ 21) ಬಂದಾಗ 3ಕ್ಕೆ 2ರ ಬದಲು 6ಕ್ಕೆ 5ರಂತೆ ಕೊಡುವ ಮೇಜಿನಲ್ಲಿ 10ರ ಪಣಕ್ಕೆ 15 ಅಲ್ಲ, 12 ಮಾತ್ರ ಸಿಗುತ್ತದೆ. ಅಲ್ಲಿ ಒಂದು ಎಲೆಯನ್ನೂ ತಪ್ಪದೆ ಆಡಿದರೂ ಅದೇ ಒಂದು ಗಂಟೆಯ ನಷ್ಟ 13ರ ಹತ್ತಿರ ಹೋಗುತ್ತದೆ.