ಪೋಕೆ ಟ್ರಾನ್ಸ್‌ಪೋರ್ಟರ್ ‘ಪೋಕೆಮಾನ್ ಇಲ್ಲ’ ಎನ್ನುತ್ತಿದೆ, ಆದರೆ ಆಟದಲ್ಲಿ ಪೋಕೆಮಾನ್ ಇಡುವ ಬಾಕ್ಸ್‌ಗಳೆಲ್ಲ ತುಂಬಿವೆ. ಯಾರಾದರೂ ಬಿಡಿಸಿ ಹೇಳಿ

ಕಡಲೆಪುರಿ:
ತಲೆ ಕೆಟ್ಟುಹೋಗಿದೆ. ಹಳೆಯ ಆಟದ ಪೋಕೆಮಾನ್‌ಗಳನ್ನು ಬ್ಯಾಂಕ್ ಎಂಬ ಆನ್‌ಲೈನ್ ಸಂಗ್ರಹಕ್ಕೆ ಕಳಿಸುವ ಈ ಟ್ರಾನ್ಸ್‌ಪೋರ್ಟರ್ ತೆರೆದರೆ ಆಟವನ್ನು ಗುರುತಿಸುತ್ತದೆ, ಸ್ವಲ್ಪ ಹೊತ್ತು ಏನೋ ಹುಡುಕುತ್ತದೆ, ಕೊನೆಗೆ ಕಳಿಸಲು ಪೋಕೆಮಾನ್ ಇಲ್ಲ ಎನ್ನುತ್ತದೆ. ಇಲ್ಲವಂತೆ! ಕಾಲೇಜು ದಿನಗಳಿಂದ ಹಿಡಿದು ಸಾಕಿದ ದಂಡೇ ಅಲ್ಲಿದೆ. ಡೀನೋವನ್ನು ಹೈಡ್ರೈಗಾನ್ ಮಾಡಲು 64ನೇ ಲೆವೆಲ್ ತನಕ ಏಗಿದವರಿಗೆ ನನ್ನ ಹೊಟ್ಟೆಯುರಿ ಅರ್ಥವಾದೀತು. ಎಲ್ಲವನ್ನೂ ಹೋಮ್‌ಗೆ (ಈಗಿನ ಆಟಗಳ ಆನ್‌ಲೈನ್ ಸಂಗ್ರಹ) ಸಾಗಿಸಿ, ಅಲ್ಲಿಂದ ಸ್ವಿಚ್‌ನ ಸ್ಕಾರ್ಲೆಟ್ ಆಟಕ್ಕೆ ತರಬೇಕು. ಮಾಡಬೇಕಾದ್ದನ್ನೆಲ್ಲ ಮಾಡಿದ್ದೇನೆ. ದಯವಿಟ್ಟು ‘ಕನ್ಸೋಲ್ ಆರಿಸಿ ಮತ್ತೆ ಹಚ್ಚಿ’ ಎನ್ನಬೇಡಿ.

ತುಕ್ಕುಪಿನ್ನು:
ಕಾರ್ಟ್ರಿಡ್ಜ್ ಪಿನ್‌ಗಳನ್ನು ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಹತ್ತಿಕಡ್ಡಿ, ಎರಡು ಸಲ ಮೆಲ್ಲಗೆ ಉಜ್ಜಿ, ಒಣಗಿದ ಮೇಲೆ ಹಾಕಿ. ನಮ್ಮೂರಿನ ತೇವಕ್ಕೆ ನನ್ನ ಬಳಿಯ ಕಾರ್ಟ್ರಿಡ್ಜ್‌ಗಳೆಲ್ಲ ಹೀಗೇ ಆಗಿದ್ದವು.

ಸಾಲುಸಂಖ್ಯೆ:
ಯಾವ ಆಟ, ಯಾವ ಕನ್ಸೋಲ್, ಪರದೆಯ ಮೇಲೆ ಬಂದ ವಾಕ್ಯ ಪೂರ್ತಿಯಾಗಿ ಏನು? ಮೂರನ್ನೂ ಬರೆಯಿರಿ. ‘ಪೋಕೆಮಾನ್ ಇಲ್ಲ’ ಎಂಬುದು ನೀವು ಮಾಡಿದ ಸಾರಾಂಶ.

ಕಡಲೆಪುರಿ:
ಯುನೋವಾದ (ಬ್ಲ್ಯಾಕ್-ವೈಟ್ ಆಟಗಳ ಪ್ರದೇಶ) ಆಟ ಎಂದು ಡೀನೋ ಹೆಸರಿನಿಂದಲೇ ಗೊತ್ತಾಗುವುದಿಲ್ಲವೇ? ವೈಟ್ 2, ಡಿಎಸ್ ಆಟ. ಕನ್ಸೋಲ್ ನಿಂಟೆಂಡೊ 3ಡಿಎಸ್, ಬೇರೆ ಯಾವುದರಲ್ಲಿ ಟ್ರಾನ್ಸ್‌ಪೋರ್ಟರ್ ಓಡುತ್ತದೆ? ವಾಕ್ಯ ನೆನಪಿಲ್ಲ, ಗುಂಡಿ ಒತ್ತಿ ಮುಂದೆ ಹೋದೆ. ಪಿನ್ ಒರೆಸಿದೆ, ಏನೂ ಬದಲಾಗಲಿಲ್ಲ. ಅದೇ ಕನ್ಸೋಲಿನಲ್ಲಿ ಆಟ ಚೆನ್ನಾಗಿ ಓಡುತ್ತಿದೆ ಎಂಬುದನ್ನೂ ಸೇರಿಸುತ್ತೇನೆ.

ಹಸಿರುಪರದೆ:
ಟ್ರಾನ್ಸ್‌ಪೋರ್ಟರ್ ಇನ್ನೂ ಇಟ್ಟುಕೊಂಡಿದ್ದೀರಲ್ಲ, ಅದೇ ಭಾಗ್ಯ. 3ಡಿಎಸ್ ಇ-ಶಾಪ್‌ನಲ್ಲಿ ಕೊಳ್ಳುವುದು 2023ರ ಮಾರ್ಚ್ 27ಕ್ಕೆ ನಿಂತಿತು. ಆಗ ಇಳಿಸಿಕೊಳ್ಳದವರು ಈಗ ಅಂಗಡಿ ಬಾಗಿಲು ತಟ್ಟಿ ಪ್ರಯೋಜನವಿಲ್ಲ. 2024ರ ಏಪ್ರಿಲ್‌ನಲ್ಲಿ 3ಡಿಎಸ್ ಆನ್‌ಲೈನ್ ಆಟಗಳು ಮುಚ್ಚಿದಾಗ ಬ್ಯಾಂಕ್ ಮತ್ತು ಟ್ರಾನ್ಸ್‌ಪೋರ್ಟರ್ ಮಾತ್ರ ಉಳಿದುಕೊಂಡವು. ಎಷ್ಟು ದಿನವೋ ಯಾರಿಗೆ ಗೊತ್ತು, ಬೇಗ ಸಾಗಿಸಿ. ಆಮೇಲೆ ರೌಟರ್ ನೋಡಿ. 3ಡಿಎಸ್‌ಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಡಬ್ಲ್ಯುಪಿಎ3 ಎಂಬ ಹೊಸ ವೈಫೈ ಭದ್ರತೆ ಗೊತ್ತಿಲ್ಲ.

ತುಕ್ಕುಪಿನ್ನು:
ರೌಟರ್ ಅಲ್ಲ. ಆಟ ಓಡುವುದು ಬೇರೆ, ಸೇವ್ ಓದಿಸುವುದು ಬೇರೆ. ಸೇವ್ ಚಿಪ್‌ಗೆ ಹೋಗುವ ಪಿನ್ ಒಂದು ಕೈಕೊಟ್ಟರೂ ಬಾಕ್ಸ್‌ಗಳೆಲ್ಲ ಖಾಲಿ ಕಾಣುತ್ತವೆ. ಒಳಗಿನ ಸೆಲ್ ಸತ್ತಿರಲೂಬಹುದು. ಬಿಚ್ಚಿ ಬದಲಿಸಿ.

ಹಸಿರುಪರದೆ:
ಡಿಎಸ್ ಕಾರ್ಟ್ರಿಡ್ಜ್‌ನಲ್ಲಿ ಸೆಲ್ ಎಲ್ಲಿದೆ ಸ್ವಾಮಿ? ಹಳೆಯ ಗೋಲ್ಡ್-ಸಿಲ್ವರ್ ಆಟಗಳ ಕಾಲದಲ್ಲಿ ಸೇವ್ ಉಳಿಯುತ್ತಿದ್ದುದು ಸೆಲ್‌ನಿಂದ. ಸೆಲ್ ಸತ್ತರೆ ಸಾಕಿದ್ದೆಲ್ಲ ಸತ್ತಂತೆ. ರೂಬಿ-ಸಫೈರ್‌ಗೆ ಬರುವಾಗ ಸೇವ್ ಫ್ಲಾಶ್ ಮೆಮೊರಿಗೆ ಹೋಯಿತು, ಸೆಲ್ ಗಡಿಯಾರಕ್ಕಷ್ಟೇ. ಸೆಲ್ ಸತ್ತರೆ ಹೊಲದ ಬೆರ್ರಿ ಬೆಳೆಯುವುದಿಲ್ಲ, ಪೋಕೆಮಾನ್‌ಗೆ ಏನೂ ಆಗುವುದಿಲ್ಲ. ಡಿಎಸ್‌ಗೆ ಬಂದರೆ ಗಡಿಯಾರವೇ ಕನ್ಸೋಲಿನಲ್ಲಿ. ದಯಮಾಡಿ ಯಾರ ಕೈಗೂ ಸ್ಕ್ರೂಡ್ರೈವರ್ ಕೊಡಬೇಡಿ.

ತುಕ್ಕುಪಿನ್ನು:
ಸರಿ, ಸೆಲ್ ಬಿಡಿ. ಹಾಗಾದರೆ ನಕಲಿ ಕಾರ್ಟ್ರಿಡ್ಜ್. ವೈಟ್ 2ರ ಅಸಲಿ ಕಾರ್ಟ್ರಿಡ್ಜ್‌ನಲ್ಲಿ ಇನ್‌ಫ್ರಾರೆಡ್ ಇದೆ, ಅದಕ್ಕೇ ಪ್ಲಾಸ್ಟಿಕ್ ಕಪ್ಪಗಿದ್ದರೂ ಬೆಳಕಿಗೆ ಹಿಡಿದರೆ ಕೆಂಪಗೆ ಪಾರದರ್ಶಕವಾಗಿ ಕಾಣುತ್ತದೆ. ಬರೀ ಕಪ್ಪಗೆ ಕಂಡರೆ ಪತ್ತೆಯಾಯಿತು ಎಂದುಕೊಳ್ಳಿ.

ಕಡಲೆಪುರಿ:
ಕೆಂಪಗೇ ಕಾಣುತ್ತದೆ. ಅಣ್ಣ ಅಮೆರಿಕದಿಂದ ತಂದುಕೊಟ್ಟದ್ದು, ಹೊಸದಾಗಿಯೇ ಬಿಚ್ಚಿದ್ದು. ಬ್ಯಾಂಕ್ ಕೂಡ ಸುಲಭವಾಗಿ ತೆರೆಯುತ್ತದೆ, ಆದ್ದರಿಂದ ರೌಟರ್ ಕಥೆಯೂ ಬೇಡ. ಸಮಸ್ಯೆ ಬಾಕ್ಸ್‌ನದು. ಆಟದಲ್ಲಿ 2ರಿಂದ 24ರ ತನಕ ತುಂಬಿ ಕೂತಿದೆ, ಕಾಳಗದ ತಂಡ ಇಡುವ ಬ್ಯಾಟಲ್ ಬಾಕ್ಸ್‌ನಲ್ಲೂ ಆರು ಇವೆ. ಟ್ರಾನ್ಸ್‌ಪೋರ್ಟರ್‌ಗೆ ಕಣ್ಣಿಲ್ಲವೇ?

ಸಾಲುಸಂಖ್ಯೆ:
‘2ರಿಂದ’ ಎಂದರೆ?

ತುಕ್ಕುಪಿನ್ನು:
ಕೆಂಪು ನಿಜವಾದ ಕೆಂಪೋ ಕಂದೋ? ಫೋಟೊ ಹಾಕಿ.

ಕಡಲೆಪುರಿ:
2ರಿಂದ ಎಂದರೆ 2ರಿಂದ. ಒಂದನೇ ಬಾಕ್ಸ್ ಯಾವತ್ತೂ ಖಾಲಿ. ಹೊಸದಾಗಿ ಹಿಡಿದದ್ದು ಅಲ್ಲಿ ಬಂದು ಬೀಳುತ್ತದೆ, ಬಿಡುವಾದಾಗ ಒಂದೊಂದನ್ನೂ ಅದರದರ ಜಾಗಕ್ಕೆ ಒಯ್ದು ಮತ್ತೆ ಖಾಲಿ ಮಾಡುತ್ತೇನೆ. ಅದು ಅಂಗಳ. ಎಲ್ಲರೂ ಹಾಗೇ ಇಟ್ಟುಕೊಳ್ಳುವುದಲ್ಲವೇ?

ಸಾಲುಸಂಖ್ಯೆ:
ಅಷ್ಟೇ. ಟ್ರಾನ್ಸ್‌ಪೋರ್ಟರ್ ನೋಡುವುದು ಒಂದನೇ ಬಾಕ್ಸ್ ಮಾತ್ರ. ಬ್ಲ್ಯಾಕ್, ವೈಟ್, ಬ್ಲ್ಯಾಕ್ 2, ವೈಟ್ 2 ಯಾವುದರಿಂದ ಕಳಿಸಿದರೂ ಬಾಕ್ಸ್ 1ರಲ್ಲಿ ಇರುವುದನ್ನೇ ಎತ್ತಿಕೊಳ್ಳುತ್ತದೆ, ಬೇರೆ ಬಾಕ್ಸ್‌ನತ್ತ ತಿರುಗಿಯೂ ನೋಡುವುದಿಲ್ಲ. 3ಡಿಎಸ್‌ನಲ್ಲಿ ಇಳಿಸಿಕೊಂಡ ರೆಡ್, ಬ್ಲೂ, ಯೆಲ್ಲೋಗೂ ಇದೇ ನಿಯಮ. ಒಳಗೆ ಹೋದ ಮೇಲೆ ‘ಇದು ಬೇಕು, ಇದು ಬೇಡ’ ಎಂದು ಆರಿಸಲೂ ಆಗುವುದಿಲ್ಲ. ಕಳಿಸಬಾರದ್ದು ಏನಾದರೂ ಇದ್ದರೆ ಮೊದಲೇ ಒಂದನೇ ಬಾಕ್ಸ್‌ನಿಂದ ಹೊರಗಿಡಿ, ಏಕೆಂದರೆ ಹೋದದ್ದು ವೈಟ್ 2ಕ್ಕೆ ಹಿಂದಿರುಗುವುದಿಲ್ಲ. ಮೊಟ್ಟೆಗಳೂ ಹೋಗುವುದಿಲ್ಲ. ಬ್ಯಾಟಲ್ ಬಾಕ್ಸ್‌ನ ಆರನ್ನು ಮೊದಲು ಅಲ್ಲಿಂದ ಇಳಿಸಿ. ಒಂದನೇ ಬಾಕ್ಸ್‌ಗೆ 30 ಹಾಕಿ, ಸೇವ್ ಮಾಡಿ, ಆಮೇಲೆ ಟ್ರಾನ್ಸ್‌ಪೋರ್ಟರ್ ತೆರೆಯಿರಿ.

ಕಡಲೆಪುರಿ:
ಹೋಯಿತು! 30 ಹೋಯಿತು! ಆದರೂ ಕೇಳುತ್ತೇನೆ, 24 ಬಾಕ್ಸ್ ಕೊಟ್ಟು ಒಂದನ್ನೇ ನೋಡುವ ತಂತ್ರಾಂಶವನ್ನು ಯಾವ ಪುಣ್ಯಾತ್ಮ ಬರೆದ? ಅದನ್ನು ಮೊದಲ ಪರದೆಯಲ್ಲೇ ದಪ್ಪಕ್ಷರದಲ್ಲಿ ಹೇಳಬಾರದೇ?

ಹಸಿರುಪರದೆ:
ಹೇಳಿತ್ತು. ನೀವು ಗುಂಡಿ ಒತ್ತಿ ಮುಂದೆ ಹೋದಿರಿ. ಈಗಿನವರಿಗೆ 24 ಬಾಕ್ಸ್ ಸಾಲದು. ರೆಡ್-ಬ್ಲೂನಲ್ಲಿ 12 ಬಾಕ್ಸ್, ಒಂದರಲ್ಲಿ 20. ಬಾಕ್ಸ್ ತುಂಬಿ, ಜೊತೆಗಾರರೂ ಆರು ಇದ್ದರೆ ಚೆಂಡು ಎಸೆಯುವುದಕ್ಕೇ ಬಿಡುತ್ತಿರಲಿಲ್ಲ. ಆಟದೊಳಗಿನ ಪಿಸಿಗೆ ಓಡಿ ಬಾಕ್ಸ್ ಬದಲಿಸಬೇಕು, ಬದಲಿಸಿದಾಗಲೆಲ್ಲ ಸೇವ್. ಆಟದಲ್ಲಿ ಒಂದೇ ಒಂದು ಸಿಗುವ ಮ್ಯೂಟೂ ಎದುರು ನಿಂತಾಗ ಬಾಕ್ಸ್ ತುಂಬಿದೆ ಎಂದು ತಿಳಿಯುವ ಸಂಕಟ ನಿಮಗೆ ಗೊತ್ತೇ?

ತುಕ್ಕುಪಿನ್ನು:
ಆ ಕಾಲದ ಕಾರ್ಟ್ರಿಡ್ಜ್ ಪಿನ್‌ಗಳ ವಿಷಯ ಬೇರೆಯೇ. ನನ್ನ ಬಳಿ ಡಿಎಸ್ ಲೈಟ್ ಎರಡು, ಮೊದಲ ಮಾದರಿಯ ದಪ್ಪ ಡಿಎಸ್ ಒಂದು ಇವೆ. ರೂಬಿಯಲ್ಲಿ ಹಿಡಿದ ರೇಕ್ವಾಜಾ... ಕ್ಷಮಿಸಿ, ಎಮರಾಲ್ಡ್‌ನ ರೇಕ್ವಾಜಾ, ಗೇಮ್ ಬಾಯ್ ಅಡ್ವಾನ್ಸ್ (ಜಿಬಿಎ) ಆಟಗಳಿಂದ ತರುವ ಪಾಲ್ ಪಾರ್ಕ್ ದಾಟಿ ಡೈಮಂಡ್‌ಗೆ, ಅಲ್ಲಿಂದ ಯುನೋವಾದ ಪೋಕೆ ಟ್ರಾನ್ಸ್‌ಫರ್ ಲ್ಯಾಬ್‌ಗೆ, ಆಮೇಲೆ ಬ್ಯಾಂಕ್, ಈಗ ಹೋಮ್. ಪಾಲ್ ಪಾರ್ಕ್‌ನಲ್ಲೂ ಲ್ಯಾಬ್‌ನಲ್ಲೂ ಆರಾರರಂತೆ. ಡೈಮಂಡ್-ಪರ್ಲ್‌ನಲ್ಲಿ ಒಂದು ಜಿಬಿಎ ಕಾರ್ಟ್ರಿಡ್ಜ್‌ಗೆ ದಿನಕ್ಕೊಂದು ಸಲ ಮಾತ್ರ. ಲ್ಯಾಬ್‌ಗೆ ಕನ್ಸೋಲ್ ಎರಡು ಬೇಕು. ಅದಕ್ಕೇ ಎರಡು ಲೈಟ್.

ಹಸಿರುಪರದೆ:
ಯಾರು ಕೇಳಿದರು?

ಕಡಲೆಪುರಿ:
ನಾನು ಕೇಳುವುದು ಬೇರೆ. ಎರಡನೇ ಕಂತು ಹಾಕಿದೆ, ಈಗ ಟ್ರಾನ್ಸ್‌ಪೋರ್ಟರ್ ಮುಂದೆ ಬಿಡುತ್ತಿಲ್ಲ. ಬಾಕ್ಸ್ 1ರಲ್ಲಿ 30 ಇವೆ, ಎಣಿಸಿ ನೋಡಿದ್ದೇನೆ. ಮೊದಲಿನಂತೆಯೇ ಮಾಡಿದೆ.

ತುಕ್ಕುಪಿನ್ನು:
ಪಿನ್.

ಸಾಲುಸಂಖ್ಯೆ:
ಪಿನ್ ಅಲ್ಲ. ಮೊದಲ 30ನ್ನು ಬ್ಯಾಂಕ್‌ನಲ್ಲಿ ಎಲ್ಲಿಗೆ ಹಾಕಿದಿರಿ?

ಕಡಲೆಪುರಿ:
ಬ್ಯಾಂಕ್‌ಗೆ ಹೋಗಿವೆಯಲ್ಲ, ಅಲ್ಲೇ ಇರುತ್ತವೆ. ತೆರೆದು ನೋಡಿಲ್ಲ.

ಸಾಲುಸಂಖ್ಯೆ:
ಬಂದವು ಟ್ರಾನ್ಸ್‌ಪೋರ್ಟ್ ಬಾಕ್ಸ್ ಎಂಬ ಪ್ರತ್ಯೇಕ ಬಾಕ್ಸ್‌ನಲ್ಲಿ ಕಾಯುತ್ತಿರುತ್ತವೆ. ಅದು ಪೂರ್ತಿ ಖಾಲಿಯಾಗುವ ತನಕ ಮುಂದಿನ ಕಂತಿಗೆ ದಾರಿಯಿಲ್ಲ. ಬ್ಯಾಂಕ್ ತೆರೆದು ಅವನ್ನು ಸಾಮಾನ್ಯ ಬಾಕ್ಸ್‌ಗೆ ಸರಿಸಿ, ಸೇವ್ ಮಾಡಿ, ಹೊರಬನ್ನಿ. 100 ಬಾಕ್ಸ್, 3,000 ಪೋಕೆಮಾನ್ ಹಿಡಿಸುತ್ತದೆ, ಜಾಗದ ಚಿಂತೆಯಿಲ್ಲ. ವೈಟ್ 2ರಲ್ಲಿ ಎಲ್ಲ ಬಾಕ್ಸ್ ತುಂಬಿದರೂ 720. ನೀವು 30ರ ಕಂತಿನಲ್ಲಿ ಕಳಿಸುತ್ತ ಹೋಗಬೇಕು, ಪ್ರತಿ ಸಲವೂ ಇದೇ ಸುತ್ತು. ಈ ಅವಕಾಶದಲ್ಲೇ ಒಂದು ಕೆಲಸ ಮಾಡಿ, ರಾಷ್ಟ್ರೀಯ ಡೆಕ್ಸ್ (ಎಲ್ಲ ಪೋಕೆಮಾನ್ ಜಾತಿಗಳ ಪಟ್ಟಿ) ಸಂಖ್ಯೆಯ ಪ್ರಕಾರ ಜೋಡಿಸಿಬಿಡಿ. ಆಗಿನ 649 ಜಾತಿಗೆ 22 ಬಾಕ್ಸ್ ಸಾಕು. ಒಂದು ಕೊರತೆ ಇದ್ದರೂ ಖಾಲಿ ಚೌಕ ಕಣ್ಣಿಗೆ ಹೊಡೆಯುತ್ತದೆ.

ಕಡಲೆಪುರಿ:
ನನ್ನದು ಗುಣದ ಕ್ರಮ. ಬೆಂಕಿಯದು ಬೆಂಕಿಯ ಜೊತೆ, ನೀರಿನದು ನೀರಿನ ಜೊತೆ, ಶೈನಿಗಳು (ಅಪರೂಪದ ಬೇರೆ ಬಣ್ಣದವು) ಕೊನೆಯ ಬಾಕ್ಸ್‌ನಲ್ಲಿ. ಬೇಕಾದ್ದು ತಟ್ಟನೆ ಸಿಗುತ್ತದೆ.

ಹಸಿರುಪರದೆ:
ಎರಡು ಗುಣದವು? ಚಾಂಡಲೂರ್ ಬೆಂಕಿಯೂ ಹೌದು, ಭೂತವೂ ಹೌದು. ಎಲ್ಲಿಡುತ್ತೀರಿ?

ಕಡಲೆಪುರಿ:
ಬೆಂಕಿಯಲ್ಲಿ.

ಸಾಲುಸಂಖ್ಯೆ:
ಮತ್ತೆ ಹುಡುಕುವಾಗ ಭೂತದ ಬಾಕ್ಸ್‌ನಲ್ಲಿ ಹುಡುಕುತ್ತೀರಿ. ಸಂಖ್ಯೆಯಲ್ಲಿ ಈ ರಗಳೆಯೇ ಇಲ್ಲ. ಚಾಂಡಲೂರ್ 609 ಎಂದರೆ 609.

ಹಸಿರುಪರದೆ:
ಸಂಖ್ಯೆಯ ಕ್ರಮ ಈಗ ಆಟದೊಳಗೆ ನಡೆಯುವುದಿಲ್ಲ. ಈಗ 1,025 ಆಗಿವೆ, 35 ಬಾಕ್ಸ್ ಬೇಕು. ಸ್ಕಾರ್ಲೆಟ್‌ನಲ್ಲಿ ಇರುವುದು 32.

ಸಾಲುಸಂಖ್ಯೆ:
ಅದಕ್ಕೇ ಹೋಮ್ ಇದೆ. ಹಣ ಕೊಟ್ಟವರಿಗೆ 6,000. ಅಲ್ಲಿ ಇಡೀ ಡೆಕ್ಸ್ ಸಾಲಾಗಿ ಇಟ್ಟು, ಅದರ ಪಕ್ಕಕ್ಕೆ ಶೈನಿಗಳ ಇನ್ನೊಂದು ಸಾಲು ಇಡಬಹುದು. ನಾನು ಹಾಗೇ ಇಟ್ಟಿದ್ದೇನೆ. ರೂಪಭೇದಗಳಿಗೆ ಬೇರೆ ಬಾಕ್ಸ್, ಅಕ್ಷರದಾಕಾರದ ಅನೌನ್‌ನ 28 ರೂಪಗಳಿಗೆ ಒಂದು ಬಾಕ್ಸ್, ಎರಡು ಚೌಕ ಖಾಲಿ ಉಳಿಯುತ್ತವೆ. ಆ ಎರಡು ಖಾಲಿ ಚೌಕಗಳು ನನಗೆ ನಿದ್ದೆ ಕೊಡುವುದಿಲ್ಲ ಎಂಬುದು ಬೇರೆ ಮಾತು.

ತುಕ್ಕುಪಿನ್ನು:
ಶೈನಿ ಮಾತು ಬಂದದ್ದರಿಂದ ಹೇಳುತ್ತೇನೆ. ವೈಟ್ 2 ಕಾಲದಲ್ಲಿ ಸಾಮಾನ್ಯವಾಗಿ ಶೈನಿ ಸಿಗುವ ಸಂಭವ 8,192ಕ್ಕೆ ಒಂದು. ಈಗ 4,096ಕ್ಕೆ ಒಂದು. ಈಗಿನವರ ಶೈನಿಗಳನ್ನು ನಾನು ಅರ್ಧ ಎಂದು ಲೆಕ್ಕ ಹಾಕುತ್ತೇನೆ.

ನಿರ್ವಾಹಕಿ:
ಜೋಡಣೆಯ ಜಗಳ ಮತ್ತು ಶೈನಿ ಲೆಕ್ಕವನ್ನು ಬೇರೆ ಚರ್ಚೆಗೆ ಒಯ್ಯಿರಿ. ಇಲ್ಲಿ ಟ್ರಾನ್ಸ್‌ಪೋರ್ಟರ್ ಮಾತ್ರ.

ಕಡಲೆಪುರಿ:
ಎರಡನೆಯದೂ ಹೋಯಿತು, ಉಳಿದವೂ ಹೋಗುತ್ತಿವೆ. ಸುತ್ತು ಸುತ್ತಿ ಕೈ ನೋಯುತ್ತಿದೆ. ಈಗ ಬ್ಯಾಂಕ್‌ನಲ್ಲಿ ‘ಹೋಮ್‌ಗೆ ಸಾಗಿಸಿ’ ಒತ್ತಿದರೆ ಮುಂದೆ ಹೋಗುತ್ತಿಲ್ಲ. ಹೋಮ್ ನನ್ನ ಮೊಬೈಲ್‌ನಲ್ಲೂ ಸ್ವಿಚ್‌ನಲ್ಲೂ ಇದೆ. ಉಚಿತದ್ದೇ ಬಳಸುತ್ತಿದ್ದೇನೆ, 30 ಹಿಡಿಸುತ್ತದೆಯಲ್ಲ, 30ರಂತೆ ಸಾಗಿಸುತ್ತೇನೆ.

ಸಾಲುಸಂಖ್ಯೆ:
ಉಚಿತದ್ದರಲ್ಲಿ ಬ್ಯಾಂಕ್‌ನಿಂದ ಒಂದೂ ಬರುವುದಿಲ್ಲ. ಅದಕ್ಕೆ ಹೋಮ್‌ನ ಪ್ರೀಮಿಯಂ ಬೇಕು. ಒಂದು ತಿಂಗಳಿಗೆ ಸಾಕು, ವರ್ಷದ್ದು ಬೇಡ. ಕಟ್ಟಿದ ಮೇಲೆ ಹೋಮ್ ಒಂದು ಕೀಲಿ ಕೊಡುತ್ತದೆ, ಅದನ್ನು 3ಡಿಎಸ್‌ನಲ್ಲಿ ಹಾಕಬೇಕು. ಕೀಲಿಗೆ ಸಮಯದ ಮಿತಿಯಿದೆ, ಆದ್ದರಿಂದ 3ಡಿಎಸ್ ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡೇ ತೆಗೆಯಿರಿ. ಸಾಗಿಸಿದ ಮೇಲೆ ಬ್ಯಾಂಕ್‌ಗೆ ಹಿಂದಿರುಗಿಸಲಾಗದು. ಪ್ರೀಮಿಯಂ ಮುಗಿಯುವ ಮುನ್ನ ಬೇಕಾದವನ್ನು ಆಟಗಳಿಗೆ ಇಳಿಸಿಕೊಳ್ಳಿ, ಆಮೇಲೆ ಕೈಗೆ ಸಿಗುವುದು ಮೊದಲ ಬಾಕ್ಸ್‌ನ 30 ಮಾತ್ರ.

ಕಡಲೆಪುರಿ:
ಹಾಗಾದರೆ ಎಲ್ಲ ಸ್ಕಾರ್ಲೆಟ್‌ಗೆ ಇಳಿಸುತ್ತೇನೆ. ಪ್ಯಾಟ್ರ್ಯಾಟ್ ನನ್ನ ಮೊದಲ ಬೇಟೆ, ಅದರಿಂದಲೇ ಶುರು.

ಸಾಲುಸಂಖ್ಯೆ:
ಪ್ಯಾಟ್ರ್ಯಾಟ್ ಸ್ಕಾರ್ಲೆಟ್‌ನಲ್ಲಿ ಇಲ್ಲ. ಹೋಮ್‌ನಲ್ಲೇ ಇರಬೇಕು. ಯಾವುದು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂಬುದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ. ಹೊಸ ಚರ್ಚೆ ತೆರೆದರೆ ಪಟ್ಟಿ ಹಾಕುತ್ತೇನೆ, ಆದರೆ ಆಟದ ಹೆಸರು, ಡಿಎಲ್‌ಸಿ (ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗ) ಇದೆಯೋ ಇಲ್ಲವೋ, ಎರಡನ್ನೂ ಮೊದಲ ಸಾಲಿನಲ್ಲೇ ಬರೆಯಿರಿ.