ದೊಡ್ಡಪ್ಪನ ಮಾತ್ರೆಗಳ ಬಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ: (ಫಾರ್ವರ್ಡ್ ಸಂದೇಶ) “ಲಿವರ್ ಕಾಯಿಲೆ ಇರುವವರಿಗೆ ಪ್ಯಾರಾಸಿಟಮಾಲ್ ವಿಷ. ನೋವಿಗೆ ಡೈಕ್ಲೊಫೆನಾಕ್ ತೆಗೆದುಕೊಳ್ಳಿ, ಅದು ಲಿವರ್ ತಂಟೆಗೆ ಹೋಗುವುದಿಲ್ಲ.”
ಅತ್ತಿಗೆ, ಅಣ್ಣನ ಮಂಡಿನೋವಿಗೆ ಉಪಯೋಗವಾದೀತೆಂದು ಇದನ್ನು ಕಳುಹಿಸಿದ್ದೇನೆ, ದಯವಿಟ್ಟು ಓದಿ.

ನಾನು: ಚಿಕ್ಕಪ್ಪ, ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇರುವ ದೊಡ್ಡಪ್ಪನಿಗೆ ಈ ಸಂದೇಶ ನಂಬಿ ಮಾತ್ರೆ ಬದಲಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಡೈಕ್ಲೊಫೆನಾಕ್ ಅನ್ನು ಪರಿವರ್ತಿಸಿ ಹೊರಹಾಕುವುದೂ ಲಿವರ್‌ನ ಕೆಲಸವೇ. ಅದಕ್ಕಿಂತ ದೊಡ್ಡ ಭಯವೆಂದರೆ, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿರುವವರ ಕಿಡ್ನಿಗೆ ರಕ್ತ ಹರಿಯುವಂತೆ ಕಾಯ್ದುಕೊಂಡಿರುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನೇ ಆ ಮಾತ್ರೆ ತಡೆಯುತ್ತದೆ. ಕಿಡ್ನಿ ಕೈಕೊಡಬಹುದು, ರಕ್ತಸ್ರಾವವೂ ಆಗಬಹುದು. ಅದಕ್ಕಾಗಿಯೇ ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ಪ್ಯಾರಾಸಿಟಮಾಲನ್ನೇ, ಆದರೆ ದಿನಕ್ಕೆ 2 ಗ್ರಾಂ ಮೀರದಂತೆ, ಅಂದರೆ 650 ಮಿ.ಗ್ರಾಂ.ನ ಮೂರು ಮಾತ್ರೆಗಳಿಗೆ ನಿಲ್ಲಿಸಿ ಕೊಡುತ್ತಾರೆ. ನೆಗಡಿಯ ಮಾತ್ರೆಗಳಲ್ಲಿಯೂ ಅದು ಇರುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಚಿಕ್ಕಪ್ಪ: ಪ್ಯಾರಾಸಿಟಮಾಲ್‌ನಿಂದ ಲಿವರ್ ಕೆಡುತ್ತದೆ ಎಂಬುದು ಹಾಗಾದರೆ ಸುಳ್ಳೇ? ಅಲ್ಲದೆ ಅಣ್ಣನ ಲಿವರ್ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಕಳೆದ ವಾರ 34 ಬಂದಿದೆ, ನಾರ್ಮಲ್ ಎಂದು ವರದಿಯಲ್ಲಿಯೇ ಇದೆ. ಲಿವರ್ ಸುಧಾರಿಸಿರುವಾಗ ನೀನು ಎಲ್ಲರನ್ನೂ ಹೆದರಿಸುವುದು ಸರಿಯಲ್ಲ, ಮಗು.

ನಾನು: ಸುಳ್ಳಲ್ಲ, ಪ್ರಮಾಣ ಮೀರಿದರೆ ಖಂಡಿತ ಕೆಡುತ್ತದೆ. ಆ ಮಾತ್ರೆಯ ಸ್ವಲ್ಪ ಭಾಗ ಲಿವರ್‌ನಲ್ಲಿ ವಿಷವಸ್ತುವಾಗಿ ಬದಲಾಗುತ್ತದೆ, ಅದನ್ನು ಲಿವರಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಕೂಡಲೇ ತಟಸ್ಥಗೊಳಿಸುತ್ತದೆ. ಗ್ಲುಟಾಥಯೋನ್ ಮುಗಿದುಹೋಗುವಷ್ಟು ಮಾತ್ರೆ ನುಂಗಿದಾಗ ಜೀವಕೋಶಗಳು ಸಾಯುತ್ತವೆ. ಕುಡಿಯುವವರಲ್ಲಿ, ಸರಿಯಾಗಿ ಉಣ್ಣದವರಲ್ಲಿ ಆ ಮಿತಿ ಬೇಗ ಬರುತ್ತದೆ.

ಎಸ್‌ಜಿಪಿಟಿಯ ವಿಷಯದಲ್ಲಿ ಮಾತ್ರ ನಿಮ್ಮ ಮಾತನ್ನು ಒಪ್ಪಲಾರೆ. ಗಾಯಗೊಂಡ ಜೀವಕೋಶಗಳಿಂದ ಎಷ್ಟು ಕಿಣ್ವ ಸೋರುತ್ತಿದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಉಳಿದ ಲಿವರ್‌ಗೆ ಕೆಲಸ ಮಾಡುವ ಶಕ್ತಿ ಎಷ್ಟಿದೆ ಎಂಬುದನ್ನಲ್ಲ. ಸಿರೋಸಿಸ್‌ನಲ್ಲಿ ಸೋರಲು ಜೀವಕೋಶಗಳೇ ಕಡಿಮೆಯಾಗಿ ಅಂಕಿ ನಾರ್ಮಲ್ ಬರುವುದುಂಟು. ಕಿಡ್ನಿ ಸೋತಾಗ ಕ್ರಿಯಾಟಿನಿನ್ ನೋಡಿ ಡೋಸ್ ಲೆಕ್ಕ ಹಾಕುವಂತೆ ಲಿವರ್‌ಗೆ ಒಂದೇ ಒಂದು ಅಂಕಿ ಇಲ್ಲ. ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು), ಆಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೋಟೀನ್), ಐಎನ್ಆರ್ (ರಕ್ತ ಹೆಪ್ಪುಗಟ್ಟುವುದರ ಅಳತೆ), ಹೊಟ್ಟೆಯ ನೀರು, ಮಂಕುತನ ಈ ಐದನ್ನೂ ಕೂಡಿಸಿ ಚೈಲ್ಡ್-ಪ್ಯೂ ಎಂದು ಅಂಕ ಕೊಡುತ್ತಾರೆ. ದೊಡ್ಡಪ್ಪನ ವರದಿಯಲ್ಲಿ ಆಲ್ಬುಮಿನ್ 2.6 ಇದೆ, ಅದು ಕಡಿಮೆ, ದಯವಿಟ್ಟು ಆ ಸಾಲನ್ನೂ ನೋಡಿ.

ಅತ್ತೆ: ಅಣ್ಣ ನಿದ್ದೆಗೆಂದು 5 ಮಿ.ಗ್ರಾಂ. ಡಯಾಜೆಪಾಮ್ ತೆಗೆದುಕೊಳ್ಳುತ್ತಾನಲ್ಲ, ಅದರಿಂದ ಹತ್ತು ವರ್ಷಗಳಲ್ಲಿ ಏನೂ ಆಗಿಲ್ಲ.

ನಾನು: ಡೋಸ್ ಅದೇ ಇದ್ದರೂ ಅದನ್ನು ತೆಗೆದುಕೊಳ್ಳುವ ದೇಹ ಬದಲಾಗಿದೆ, ಅತ್ತೆ. ಡಯಾಜೆಪಾಮ್ ಆರೋಗ್ಯವಂತರ ರಕ್ತದಲ್ಲಿಯೇ ಅರ್ಧಕ್ಕಿಳಿಯಲು ಒಂದೆರಡು ದಿನ ಬೇಕು; ಸಿರೋಸಿಸ್ ಇದ್ದರೆ ಅದರ ಎರಡರಷ್ಟು ಹಿಡಿಯಬಹುದು. ನಿನ್ನೆಯದು, ಮೊನ್ನೆಯದು ಇನ್ನೂ ಉಳಿದಿರುವಾಗಲೇ ಇಂದಿನದು ಸೇರುತ್ತದೆ. ಈ ಔಷಧಿ ಹೆಚ್ಚಿನ ಪಾಲು ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ, ಆಲ್ಬುಮಿನ್ ತಗ್ಗಿದಾಗ ಬಿಡಿಯಾಗಿ ಮಿದುಳು ಸೇರುವ ಪಾಲು ಏರುತ್ತದೆ. ಕರುಳಿನಿಂದ ಬಂದ ರಕ್ತ ಗಟ್ಟಿಯಾದ ಲಿವರನ್ನು ಹಾಯಲಾರದೆ ಅಡ್ಡದಾರಿಯ ರಕ್ತನಾಳ ಹಿಡಿಯುವುದರಿಂದ ಕೆಲವು ಔಷಧಿಗಳು ಸೋಸಿಕೊಳ್ಳದೆಯೇ ಮೈಗೆ ಸೇರುತ್ತವೆ. ಹೊಟ್ಟೆಯ ರಕ್ತನಾಳಗಳ ಒತ್ತಡ ಇಳಿಸಲು ಕೊಡುವ ದೊಡ್ಡಪ್ಪನ ಪ್ರೊಪ್ರನಲಾಲ್ ಅನ್ನು ಅಷ್ಟು ಚಿಕ್ಕ ಡೋಸ್‌ನಿಂದ ಆರಂಭಿಸಿದ್ದು ಅದಕ್ಕಾಗಿಯೇ.

ದೊಡ್ಡಮ್ಮ: ನಾಲ್ಕು ದಿನಗಳಿಂದ ಇವರು ಬೆಳಿಗ್ಗೆ ಹತ್ತಾದರೂ ಏಳುತ್ತಿಲ್ಲ. ನಿನ್ನೆ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಲು ಕೈ ನಡುಗಿತು, ಇಂದು ಯಾವ ವಾರವೆಂದು ಎರಡು ಸಲ ಕೇಳಿದರು. ವಯಸ್ಸಿನಿಂದ ಇರಬಹುದೆಂದು ಸುಮ್ಮನಿದ್ದೆ.

ನಾನು: ದೊಡ್ಡಮ್ಮ, ಇದನ್ನು ವಯಸ್ಸೆಂದು ಬಿಡಬಾರದು, ವೈದ್ಯರು ಇವತ್ತೇ ನೋಡಬೇಕು. ಲಿವರ್ ಸೋತಾಗ ಮಿದುಳಿಗೆ ಕವಿಯುವ ಮಂಕು ಹೀಗೆಯೇ ಆರಂಭವಾಗುತ್ತದೆ, ನಿದ್ದೆಮಾತ್ರೆ ಅದನ್ನು ಹೆಚ್ಚಿಸುತ್ತದೆ. ಹತ್ತು ವರ್ಷ ತೆಗೆದುಕೊಂಡ ಮಾತ್ರೆಯನ್ನು ನಾವಾಗಿಯೇ ಥಟ್ಟನೆ ನಿಲ್ಲಿಸುವುದೂ ಅಪಾಯ, ಆದ್ದರಿಂದ ರಾತ್ರಿಯ ಡೋಸ್‌ಗೆ ಮುನ್ನ ವೈದ್ಯರನ್ನು ಕೇಳೋಣ. ಮಲಬದ್ಧತೆಯೂ ಈ ಮಂಕನ್ನು ಹೆಚ್ಚಿಸುವುದರಿಂದ, ಮಲವಿಸರ್ಜನೆ ಯಾವಾಗ ಆಯಿತೆಂಬುದನ್ನೂ ಅವರಿಗೆ ತಪ್ಪದೆ ಹೇಳಿ.

ಚಿಕ್ಕಪ್ಪ: ಅತ್ತಿಗೆ, ಅರ್ಧ ಗಂಟೆಯಲ್ಲಿ ಕಾರು ತರುತ್ತೇನೆ. ಪ್ಯಾರಾಸಿಟಮಾಲ್ ವಿಷಯವನ್ನು ನಾನು ವೈದ್ಯರ ಬಾಯಿಂದಲೇ ಕೇಳುತ್ತೇನೆ. ನಾನು ಹೋದ ತಿಂಗಳು ತಂದುಕೊಟ್ಟ ಚೂರ್ಣವನ್ನೂ ಸೇರಿಸಿ, ಡಬ್ಬಿಯಲ್ಲಿರುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿಡಿ.