ಹಿಂಗಾರಿ ಜೋಳದ ಡಿಹೈಡ್ರಿನ್: ಕುದಿಸಿದ ಮೇಲೂ ಜೆಲ್‌ನಲ್ಲಿ ಹಲವು ಪಟ್ಟಿಗಳು

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಎರೆಭೂಮಿಯಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವ ಹಿಂಗಾರಿ ಬಿಳಿಜೋಳದ ಡಿಹೈಡ್ರಿನ್ (ನೀರಿನ ಕೊರತೆಯಲ್ಲಿ ಸಸ್ಯಕೋಶವನ್ನು ಕಾಯುವ, ಕುದಿಸಿದರೂ ಗಡ್ಡೆಗಟ್ಟದ ಪ್ರೋಟೀನ್) ಒಂದನ್ನು ಈ.ಕೋಲೈ ಬ್ಯಾಕ್ಟೀರಿಯಾದಲ್ಲಿ, ಟ್ಯಾಗ್ (ಶುದ್ಧೀಕರಣಕ್ಕೆಂದು ಜೋಡಿಸುವ ತುಣುಕು) ಇಲ್ಲದೆ, ತಯಾರಿಸುತ್ತಿದ್ದೇನೆ. ಒಡೆದ ಕೋಶಗಳ ದ್ರಾವಣವನ್ನು ಕುದಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಎಸ್‌ಡಿಎಸ್ ಜೆಲ್‌ನಲ್ಲಿ (ಎಸ್‌ಡಿಎಸ್ ಎಂಬ ಮಾರ್ಜಕ ಅಂಟಿಸಿ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್) ಓಡಿಸಿದರೆ, 16 ಕಿಲೋಡಾಲ್ಟನ್ ಇರಬೇಕಾದ ಪಟ್ಟಿ 22ರ ಸಮೀಪ ನಿಲ್ಲುತ್ತದೆ ಮತ್ತು ಅದರ ಕೆಳಗೆ ಸಣ್ಣ ಪಟ್ಟಿಗಳೂ ಕಾಣುತ್ತವೆ. ಪ್ರೋಟೀನ್ ಅಳೆಯಲು ಬಳಸುವ 280 ನ್ಯಾನೋಮೀಟರ್‌ಗಿಂತ 260ರಲ್ಲಿ ಬೆಳಕಿನ ಹೀರಿಕೆ ಹೆಚ್ಚಿದೆ. ಬೇರೆ ಪ್ರೋಟೀನ್ ಬಂದಿದೆಯೇ?

ಉತ್ತರ – ಹುಬ್ಬಳ್ಳಿ

ಪಟ್ಟಿ ಮೇಲೆ ನಿಂತದ್ದಕ್ಕೆ ಗಾಬರಿಯಾಗಬೇಡಿ. ನಿಯತ ಮಡಿಕೆಯಿಲ್ಲದ ಇಂಥ ಪ್ರೋಟೀನ್‌ಗಳಲ್ಲಿ ನೀರನ್ನು ದೂರವಿಡುವ ಅಮೈನೊ ಆಮ್ಲಗಳು ಕಡಿಮೆ ಇರುವುದರಿಂದ ಎಸ್‌ಡಿಎಸ್ ಅಷ್ಟಾಗಿ ಅಂಟುವುದಿಲ್ಲ. ಆದ್ದರಿಂದ ಅವು ನಿಜವಾದ ತೂಕದ 1.2ರಿಂದ 1.8 ಪಟ್ಟು ಭಾರವಿರುವಂತೆ ಓಡುತ್ತವೆ. ಸರಿಯಾದ ತೂಕವನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದಲೇ ಖಚಿತಪಡಿಸಿಕೊಳ್ಳಿ. 280ರ ಬೆಳಕನ್ನು ಹೆಚ್ಚು ಹೀರುವ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಡಿಹೈಡ್ರಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ, ಹಾಗಾಗಿ 280ರ ಅಳತೆಯನ್ನು ನಂಬಿ ಪ್ರಮಾಣ ಹೇಳಬಾರದು. 205 ನ್ಯಾನೋಮೀಟರ್‌ನ ಹೀರಿಕೆ ಅಥವಾ ಬಣ್ಣದಿಂದ ಪ್ರೋಟೀನ್ ಅಳೆಯುವ ಬಿಸಿಎ ವಿಧಾನ ಬಳಸಿ.

ಉತ್ತರ – ಪ್ರಯೋಗಾಲಯದ ಹಿರಿಯರು, ಧಾರವಾಡ

ಕೆಳಗಿನ ಪಟ್ಟಿಗಳ ಬಗ್ಗೆ ಒಂದು ಮಾತು ಹೇಳುತ್ತೇನೆ, ಮೇಡಂ. ಮಡಿಕೆಯಿಲ್ಲದ ಸರಪಳಿಗೆ ಪ್ರೋಟಿಯೇಸ್‌ಗಳು (ಪ್ರೋಟೀನ್ ಕತ್ತರಿಸುವ ಕಿಣ್ವಗಳು) ಬೇಗ ಬಾಯಿ ಹಾಕುತ್ತವೆ. ಆದ್ದರಿಂದ ಅವನ್ನು ತಡೆಯುವ ಪಿಎಂಎಸ್‌ಎಫ್ ಮತ್ತು ಇಡಿಟಿಎಯನ್ನು ಕೋಶ ಒಡೆಯುವ ಮುಂಚೆಯೇ ಬಫರ್‌ಗೆ ಸೇರಿಸಿ, ಒಡೆದ ದ್ರಾವಣವನ್ನು ಕಾಯಿಸದೆ ಮೇಜಿನ ಮೇಲೆ ಬಿಡಬೇಡಿ. ತೆಳುಗೋಡೆಯ ಸಣ್ಣ ಟ್ಯೂಬುಗಳಲ್ಲಿ ಹಂಚಿ, 95 ಡಿಗ್ರಿಯಲ್ಲಿ 10ರಿಂದ 15 ನಿಮಿಷ ಇಟ್ಟು, ತಕ್ಷಣ ಮಂಜುಗಡ್ಡೆಗೆ ಹಾಕಿ, 4 ಡಿಗ್ರಿಯಲ್ಲಿ 15,000 ಜಿ ಬಲದಲ್ಲಿ ಅರ್ಧ ಗಂಟೆ ತಿರುಗಿಸಿದರೆ, ಬ್ಯಾಕ್ಟೀರಿಯಾದ ಬಹುಪಾಲು ಪ್ರೋಟೀನ್‌ಗಳು ಬಿಳಿ ಗಸಿಯಾಗಿ ತಳ ಸೇರುತ್ತವೆ. ಪಿಎಚ್ 7ರಿಂದ 7.5ರಲ್ಲೇ ಇರಲಿ, ಆಮ್ಲೀಯ ದ್ರಾವಣದಲ್ಲಿ ಕಾಯಿಸಿದರೆ ಆಸ್ಪಾರ್ಟೇಟ್-ಪ್ರೋಲಿನ್ ಬಂಧ ಕಡಿಯುತ್ತದೆ.

260ರ ಹೀರಿಕೆ ನ್ಯೂಕ್ಲಿಯಿಕ್ ಆಮ್ಲದ್ದು, ಅದು ಕುದಿಸಿದರೆ ಹೋಗುವುದಿಲ್ಲ. ಅನುಕ್ರಮದ ಪ್ರಕಾರ ನಿಮ್ಮ ಪ್ರೋಟೀನ್ ಕ್ಷಾರೀಯವಾಗಿದ್ದರೆ ಕ್ಯಾಟಯಾನ್ ಎಕ್ಸ್‌ಚೇಂಜ್ ಕಾಲಮ್‌ಗೆ (ಧನ ಆವೇಶದ ಅಣುಗಳನ್ನು ಹಿಡಿದು, ಋಣ ಆವೇಶದ ನ್ಯೂಕ್ಲಿಯಿಕ್ ಆಮ್ಲವನ್ನು ಹೊರಬಿಡುವ ಕಾಲಮ್) ಹಾಕಿ, ಉಪ್ಪನ್ನು ಹಂತಹಂತವಾಗಿ ಏರಿಸುತ್ತ ಇಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು, ಸರ್. ಇದರ ನಂತರ ಜೆಲ್ ಫಿಲ್ಟ್ರೇಶನ್ (ಗಾತ್ರದ ಪ್ರಕಾರ ಬೇರ್ಪಡಿಸುವ ಕಾಲಮ್) ಮಾಡಿದರೆ ಗಾತ್ರ ಗೊತ್ತಾಗುವುದೇ?

ಉತ್ತರ – ಹಾವೇರಿ

ಶುದ್ಧತೆಗೆ ಆಗುತ್ತದೆ, ಗಾತ್ರಕ್ಕೆ ಆಗದು. ಹರಡಿಕೊಂಡ ಸರಪಳಿ ಕಾಲಮ್‌ನಿಂದ ಬೇಗ ಹೊರಬರುವುದರಿಂದ, ದುಂಡು ಪ್ರೋಟೀನ್‌ಗಳ ಮಾನಕಗಳಿಗೆ ಹೋಲಿಸಿದವರು ಒಂಟಿ ಅಣುವನ್ನೇ ಜೋಡಿಯೆಂದು ಬರೆದುಬಿಡುವ ಅಪಾಯವಿದೆ. ಬದಲಿಗೆ ಪ್ರೋಟೀನ್‌ನ ಮಡಿಕೆಯ ಬಗೆಯನ್ನು ತೋರಿಸುವ ಸಿಡಿ (ಸರ್ಕ್ಯುಲರ್ ಡೈಕ್ರೋಯಿಸಂ) ಸ್ಪೆಕ್ಟ್ರಮ್ ತೆಗೆಯಿರಿ: ಬಫರ್‌ನಲ್ಲಿ 200 ನ್ಯಾನೋಮೀಟರ್ ಬಳಿ ಆಳವಾದ ತಗ್ಗು ಕಂಡು, ಎಸ್‌ಡಿಎಸ್ ಸೇರಿಸಿದಾಗ ಅದು ಸುರುಳಿ (ಹೆಲಿಕ್ಸ್) ರಚನೆಯ ಗುರುತಾದ 208 ಮತ್ತು 222ರತ್ತ ಸರಿದರೆ, ನಿಮ್ಮ ಕೈಲಿರುವುದು ಡಿಹೈಡ್ರಿನ್‌ನಂತೆಯೇ ವರ್ತಿಸುತ್ತಿದೆ. ಕ್ಲೋರೈಡ್ ಆ ಭಾಗದ ಬೆಳಕನ್ನು ಹೀರುತ್ತದೆಯಾದ್ದರಿಂದ ಮೊದಲು ಫಾಸ್ಫೇಟ್ ಬಫರ್‌ಗೆ ಡಯಾಲಿಸಿಸ್ (ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಬಫರ್ ಬದಲಾವಣೆ) ಮಾಡಿಕೊಳ್ಳಿ.